ನನ್ನ ಎಡಗಿವಿಯ ತೂತು, ಯಾರೂ ಹೊಡೆಯದ ಏಟು

ಅಡ್ಡಾದಿಡ್ಡಿ ಬದುಕುವವರ ಮನೆಯಲ್ಲಿ ದಿನಕ್ಕೆ ಹತ್ತು ಎಡವಟ್ಟಾದರೂ ಯಾರೂ ತಿರುಗಿ ನೋಡುವುದಿಲ್ಲ. ಗಡಿಯಾರ ನೋಡಿ ನೀರು ಕುಡಿಯುವ ನನ್ನಂಥವನಿಗೆ ವರ್ಷಕ್ಕೆ ಒಂದೇ ಒಂದು ಆಗುತ್ತದೆ. ಆ ಒಂದನ್ನು ನೋಡಲು ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆಯ ಜನ ಬಂದು ಸೇರುತ್ತಾರೆ. ಈ ಸಲದ್ದು ದೀಪಾವಳಿಯ ಹಿಂದುಮುಂದಿನ ಎರಡು ವಾರಗಳಲ್ಲಿ ನಡೆಯಿತು. ನಡೆಯುವಾಗ ನನಗೆ ಒಂದು ಚೂರೂ ನಗು ಬಂದಿರಲಿಲ್ಲ ಎಂಬುದನ್ನು ಮೊದಲೇ ಬರೆದಿಡುತ್ತೇನೆ.

೧. ಪಿನ್ನು

ನನ್ನ ಮನೆ ಕಡೂರಿನಲ್ಲಿ. ಕೆಲಸ ತರೀಕೆರೆಯ ಒಂದು ಇಂಗ್ಲಿಷ್ ಮೀಡಿಯಂ ಹೈಸ್ಕೂಲಿನಲ್ಲಿ, ಹೆಡ್‌ಮಾಸ್ಟರ್. ನಾನು ಓದಿದ್ದೂ ಇಂಗ್ಲಿಷ್ ಮೀಡಿಯಮ್ಮಿನಲ್ಲೇ, ಬಹಳ ಬಿಗಿಯಾದ ಗುರುಗಳ ಕೈಕೆಳಗೆ. ಅಲ್ಲಿ ಕಲಿತದ್ದನ್ನು ಇಲ್ಲಿ ನಿಯಮ ಮಾಡಿ ಗೋಡೆಗೆ ಹಾಕಿಸಿದ್ದೇನೆ. ಅದರಲ್ಲಿ ಏಳನೆಯದು ಕಿವಿಯ ನಿಯಮ. ಪೆನ್ಸಿಲ್ಲು, ಪೆನ್ನಿನ ಮುಚ್ಚಳ, ಬೆಂಕಿಕಡ್ಡಿ, ಪಿನ್ನು, ಯಾವುದೂ ಕಿವಿಗೆ ಹೋಗಕೂಡದು. ಹೋದದ್ದು ಕಂಡರೆ ‘ನಾನು ಕಿವಿಗೆ ಏನನ್ನೂ ಹಾಕುವುದಿಲ್ಲ’ ಎಂದು ಇಂಗ್ಲಿಷಿನಲ್ಲಿ ನೂರು ಸಲ ಬರೆದು, ಕೆಳಗೆ ಪೋಷಕರ ಅಭಿಪ್ರಾಯ ಮತ್ತು ಸಹಿ ಹಾಕಿಸಿಕೊಂಡು ಬರಬೇಕು. ವಿನಾಯಿತಿ ಇಲ್ಲ. ಆಡಳಿತ ಮಂಡಳಿಯ ಅಧ್ಯಕ್ಷರ ಮೊಮ್ಮಗಳೇ ಬರೆದಿದ್ದಾಳೆ.

ಆ ಸೋಮವಾರ ಸಂಜೆ ಅಡುಗೆಮನೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತು ಹತ್ತನೇ ತರಗತಿಯ ಪ್ರಬಂಧಗಳನ್ನು ತಿದ್ದುತ್ತಿದ್ದೆ. ಎಡಗಿವಿ ಕಡಿಯಿತು. ಮೇಜಿನ ಮೇಲೆ ನನ್ನ ಹೆಂಡತಿಯ ತಲೆಪಿನ್ನು ಇತ್ತು. ನಿಯಮ ಶಾಲೆಗೆ ಸಂಬಂಧಪಟ್ಟದ್ದು, ಇದು ಮನೆ, ಎಂದು ನನ್ನ ಜೊತೆ ನಾನೇ ವಾದಿಸಿ ಗೆದ್ದೆ. ಅಷ್ಟರಲ್ಲಿ ಅವಳು ಎರಡೂ ಕೈಯಲ್ಲಿ ಕಾಫಿ ಲೋಟ ಹಿಡಿದು ಬಾಗಿಲನ್ನು ಸೊಂಟದಿಂದ ತಳ್ಳಿದಳು. ಬಾಗಿಲು ಮೊಣಕೈಗೆ ಬಡಿಯಿತು. ಮೊಣಕೈ ಪಿನ್ನನ್ನು ಎಲ್ಲಿಗೆ ಕಳಿಸಬೇಕೋ ಅಲ್ಲಿಗೆ ಕಳಿಸಿತು.

ತಲೆಯೊಳಗೆ ಬಲೂನು ಒಡೆದ ಹಾಗಾಯಿತು. ಆಮೇಲೆ ನೋವು. ಆಮೇಲೆ ಎಡಗಡೆಯ ಪ್ರಪಂಚ ಯಾರೋ ಕಂಬಳಿ ಹೊದಿಸಿದಂತೆ ದೂರ ಸರಿದು, ಒಂದು ಸಿಳ್ಳೆ ಮಾತ್ರ ಉಳಿಯಿತು.

“ಏನಾಯ್ತು ರೀ?”

“ಏನಿಲ್ಲ.”

ಅವಳು ನನ್ನ ಕೈಯಿಂದ ಪಿನ್ನು ತೆಗೆದುಕೊಂಡು ದೀಪಕ್ಕೆ ಹಿಡಿದು ನೋಡಿದಳು. “ಏನಿಲ್ಲದೆ ಇದು ಹೆಂಗೆ ಸೊಟ್ಟಗಾಯ್ತು? ಹೊಸ ಜೊತೆ ಕಣ್ರೀ ಇದು” ಅಂದಳು.

೨. ಮೂರು ಸತ್ಯಗಳು

ಮಂಗಳವಾರ ಬೆಳಿಗ್ಗೆ ಕಡೂರಿನಲ್ಲೇ ಒಬ್ಬ ಕಿವಿ ಡಾಕ್ಟರ ಬಳಿ ಹೋದೆ. ಅವರು ಎರಡು ಕಡ್ಡಿಯ ಉಕ್ಕಿನ ಕವೆಯೊಂದನ್ನು ತಟ್ಟಿ, ಅದರ ಬುಡವನ್ನು ನನ್ನ ಹಣೆಯ ನಡುವೆ ಇಟ್ಟರು.

“ಯಾವ ಕಡೆ ಜೋರಾಗಿ ಕೇಳ್ತಿದೆ ಸರ್?”

“ಎಡಗಡೆ. ಅಂದರೆ ಕೆಟ್ಟ ಕಿವಿಯಲ್ಲಿ. ನಿಮ್ಮ ಉಪಕರಣ ಸರಿಯಿಲ್ಲ.”

“ಉಪಕರಣ ಸರಿಯಿದೆ. ನಿಮ್ಮ ಕಿವಿತಮಟೆ ತೂತಾಗಿದೆ” ಅಂದರು. ಬೀದಿಯ ಗದ್ದಲ ನಿಂತಾಗ ಮನೆಯೊಳಗಿನ ಗಡಿಯಾರದ ಸದ್ದು ಜೋರಾಗುವ ಹಾಗೆ, ಹೊರಗಿನ ಸದ್ದು ಒಳಗೆ ಬರದ ಕಿವಿಗೆ ತಲೆಬುರುಡೆಯ ಸದ್ದೇ ದೊಡ್ಡದಾಗಿ ಕೇಳಿಸುತ್ತದಂತೆ. ತೂತು ಸಣ್ಣದು, ಎರಡು ಮೂರು ತಿಂಗಳಲ್ಲಿ ತಾನಾಗೇ ಮುಚ್ಚಬಹುದು. ನೀರು ತಾಗಬಾರದು, ಎಣ್ಣೆ ಬಿಡಬಾರದು, ಮೂಗು ಜೋರಾಗಿ ಸೀಟಬಾರದು.

ಮತ್ತೆ ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, “ಪಕ್ಕದಲ್ಲೊಂದು ಗೀರೂ ಇದೆ” ಎಂದು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

“ಹೇಗಾಯ್ತು ಸರ್? ಪೆಟ್ಟು ಬಿತ್ತಾ?”

ಬಾಗಿಲು ಮೊಣಕೈಗೆ ಬಡಿದದ್ದು ಪೆಟ್ಟೇ. “ಬಿತ್ತು” ಅಂದೆ.

“ಕೈಯಿಂದನಾ?”

ಪಿನ್ನು ಇದ್ದದ್ದು ಕೈಯಲ್ಲೇ. “ಕೈಯಿಂದಲೇ.”

“ಯಾರದು?”

“ಅದನ್ನು ಬರೆಯುವುದು ಬೇಡ.”

ನಾನು ಜೀವನದಲ್ಲಿ ಸುಳ್ಳು ಹೇಳಿದವನಲ್ಲ, ಆವತ್ತೂ ಹೇಳಲಿಲ್ಲ. ಮೂರೂ ಸತ್ಯವೇ. ಮೂರನ್ನೂ ಪಕ್ಕದಲ್ಲಿ ನಿಂತಿದ್ದ ಕಾಂಪೌಂಡರ್ ಕೇಳಿಸಿಕೊಂಡ. ಔಷಧಿ ಚೀಟಿ ಕೊಡುವಾಗ ನನ್ನ ಬಲಗಿವಿಯ ಹತ್ತಿರ ಬಗ್ಗಿ, “ಎಡಗಿವಿ ತೂತಾದೋರೆಲ್ಲ ಬಲಗೈಯೋರ ಕೈಲಿ ತಿಂದೋರೇ ಸಾರ್. ನಾನ್ಯಾರಿಗೂ ಹೇಳಲ್ಲ” ಅಂದ.

ಮಾರನೆಯ ದಿನ ನಾನು ತರೀಕೆರೆಯಲ್ಲಿ ಬಸ್ಸಿಳಿದಾಗ ನಿಲ್ದಾಣದ ಹೂವಿನವಳು ಮಾತು ನಿಲ್ಲಿಸಿ ನನ್ನ ಎಡಕೆನ್ನೆ ನೋಡಿದಳು. ಹೇಳಲ್ಲ ಅಂದ ಮಾತು ಬಸ್ಸಿಗಿಂತ ಮೊದಲೇ ಬಂದಿಳಿದಿತ್ತು.

೩. ಸಣ್ಣ ದನಿ

ತೂತುಬಿದ್ದ ಕಿವಿಯವನಿಗೆ ತನ್ನ ದನಿಯೇ ಗುಡಿಯೊಳಗಿನ ಗಂಟೆಯ ಹಾಗೆ ತಲೆಯಲ್ಲಿ ಮೊಳಗುತ್ತದೆ. ಅದಕ್ಕೆ ಹೆದರಿ ಆ ಬುಧವಾರ ನಾನು ಮೆಲ್ಲಗೆ ಮಾತಾಡಿದೆ. ನನ್ನ ಗುಡುಗಿಗೆ ಒಗ್ಗಿಹೋಗಿದ್ದ ಶಾಲೆ ಅದನ್ನು ಬೇರೆ ರೀತಿ ತಿಳಿಯಿತು. ಕಾರಿಡಾರು ಖಾಲಿಯಾಯಿತು. ಮಧ್ಯಾಹ್ನ ಡ್ರಾಯಿಂಗ್ ಮಾಸ್ಟರನ್ನು ಕಂಡು, “ಸ್ವಲ್ಪ ಒಳಗೆ ಬರ್ತೀರಾ?” ಎಂದು ಪಿಸುಗುಟ್ಟಿದ ಹಾಗೆ ಕೇಳಿದೆ, ಒಂದು ಸ್ಕೇಲು ಬೇಕಿತ್ತು. ಆತ ಒಳಗೆ ಬಂದು ಬಾಗಿಲು ಹಾಕಿ, ಜೂನ್ ತಿಂಗಳಲ್ಲಿ ಮೂರು ದಿನ ತಡವಾಗಿ ಬಂದು ಹಾಜರಿ ಪುಸ್ತಕದಲ್ಲಿ ಸರಿಯಾದ ವೇಳೆ ಬರೆದದ್ದನ್ನು ಒಪ್ಪಿಕೊಂಡ. ಸ್ಕೇಲು ಕೇಳಲು ನನಗೆ ಮನಸ್ಸಾಗಲಿಲ್ಲ.

ಅವನಿಂದಲೇ ಊರಿನ ತೀರ್ಪೂ ತಿಳಿಯಿತು. ಹೊಡೆದವರು ಯಾರೆಂಬುದು ಇತ್ಯರ್ಥವಾಗಿತ್ತು: ಬೋರ್‌ವೆಲ್ ಲಾರಿಯವರು.

ಇವರು ಬುಕ್ಕಾಂಬುಧಿಯವರು, ಅಜ್ಜಂಪುರದಲ್ಲಿ ಮನೆ ಮಾಡಿದ್ದಾರೆ. ಮಗಳು ನಮ್ಮ ಹತ್ತನೇ ತರಗತಿಯ ಲೀಡರ್. ಆ ಸೋಮವಾರ ಬೆಳಿಗ್ಗೆ, ಅಂದರೆ ಪಿನ್ನಿಗೆ ಎಂಟು ಗಂಟೆ ಮೊದಲು, ಅವಳು ಹತ್ತು ನಿಮಿಷ ತಡವಾಗಿ ಬಂದಳು, ನಿಯಮದ ಪ್ರಕಾರ ನಾನು ಗೇಟು ಹಾಕಿಸಿದ್ದೆ. ಜೊತೆಗೆ ಬಂದಿದ್ದ ತಂದೆ ಗೇಟಿನಾಚೆ ನಿಂತು ಇಡೀ ಬೀದಿಗೆ ಕೇಳುವಂತೆ ಮಾತಾಡಿ, ಕೈಯನ್ನು ಗೇಟಿನ ಮೇಲಿಂದ ನನ್ನ ಎಡಕೆನ್ನೆಯ ಪಕ್ಕದಲ್ಲೇ ಬೀಸಿದ್ದರು. ಕೆನ್ನೆಗೂ ಕೈಗೂ ಒಂದು ಗೇಣು ಅಂತರವಿತ್ತು. ಎದುರಿನ ಜೆರಾಕ್ಸ್ ಅಂಗಡಿಯ ಕಡೆಯಿಂದ ಆ ಗೇಣು ಕಾಣುವುದಿಲ್ಲ.

ಸಂಜೆ ಶಾಲೆ ಬಿಡುವ ಹೊತ್ತಿಗೆ ಅಧ್ಯಕ್ಷರ ಫೋನು.

“ಮೇಷ್ಟ್ರೇ, ಹಬ್ಬ ಆದ್ಮೇಲೆ ಶನಿವಾರ ಸಭೆ ಕರ್ದಿದೀನಿ. ಆ ಮಗೀಗೆ ಟಿ.ಸಿ. ಕೊಟ್ಟು ಕಳ್ಸಿ. ನಮ್ ಮೇಷ್ಟ್ರ ಮೇಲೆ ಕೈ ಮಾಡೋರ ಸಾವಾಸ ನಮ್ಗೆ ಬ್ಯಾಡ.”

ಹತ್ತನೇ ತರಗತಿಯ ನಡುವಿನಲ್ಲಿ ಟಿ.ಸಿ. ಎಂದರೆ ಆ ಹುಡುಗಿಯ ಒಂದು ವರ್ಷ ಹೋದ ಹಾಗೆ. “ಅವರು ನನ್ನನ್ನು ಮುಟ್ಟಿಲ್ಲ” ಅಂದೆ.

“ನಿಮ್ ದೊಡ್ತನ ಅದು. ಹಂಗಾರೆ ತೂತು ಹೆಂಗಾಯ್ತು?”

ನಾನು ತಲೆಯೆತ್ತಿದೆ. ನಿಯಮ ಏಳು ನನ್ನ ಕಣ್ಣೆದುರಿನ ಗೋಡೆಯಲ್ಲೇ ಇತ್ತು, ಕೆಳಗೆ ನನ್ನದೇ ಸಹಿ.

“ನೋಡಿದ್ರಾ? ಹೊಡ್ಸ್ಕೊಂಡೂ ಬಿಟ್ಕೊಡಲ್ಲ ನೀವು. ಇಂಥಾ ಹೆಡ್‌ಮಾಸ್ಟ್ರು ಎಲ್ ಸಿಗ್ತಾರೆ” ಎಂದು ಅಧ್ಯಕ್ಷರು ಫೋನಿಟ್ಟರು. ಇಪ್ಪತ್ತು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು.

೪. ಹಬ್ಬದ ಎಣ್ಣೆ

ಹಬ್ಬಕ್ಕೆ ಹಿರೇನಲ್ಲೂರಿನಿಂದ ನಮ್ಮ ಅತ್ತೆ ಬಂದರು. ಅವರ ಮನೆತನದಲ್ಲಿ ನರಕ ಚತುರ್ದಶಿಯಂದು ಅಳಿಯನ ತಲೆಗೆ ಎಣ್ಣೆಯನ್ನು ಅತ್ತೆಯೇ ಇಡಬೇಕು. ನೆತ್ತಿಗೆ ಮೂರು ಬೊಟ್ಟು, ಎರಡೂ ಕಿವಿಗೆ ಒಂದೊಂದು ತೊಟ್ಟು. ಆ ತೊಟ್ಟು ತಪ್ಪಿದರೆ ಅಳಿಯನಿಗೆ ವರ್ಷವೆಲ್ಲ ಕೆಟ್ಟ ಸುದ್ದಿ ಕೇಳುತ್ತದೆ ಎಂಬ ನಂಬಿಕೆ. ಈ ಸಲ ಅಳಿಯನ ಕಿವಿಗೆ ಪೆಟ್ಟಾಗಿದೆ ಎಂದು ಕೇಳಿ ಎಣ್ಣೆಗೆ ಬೆಳ್ಳುಳ್ಳಿಯನ್ನೂ ಹಾಕಿ ಕಾಯಿಸಿದ್ದರು.

“ಅತ್ತೆ, ಡಾಕ್ಟರು ಎಣ್ಣೆ ಬಿಡಬಾರದು ಅಂದಿದ್ದಾರೆ. ತಮಟೆಯಲ್ಲಿ ತೂತಿದೆ. ಒಳಗೆ ಹೋದರೆ ಕೀವಾಗುತ್ತದೆ.”

“ಆಯ್ತು ಅಳಿಯಂದ್ರೇ, ಬಿಡಲ್ಲ. ನೆತ್ತಿಗ್ ಮಾತ್ರ.”

ನಾನು ಮಣೆಯ ಮೇಲೆ ಎಡಗಿವಿಗೆ ವ್ಯಾಸಲೀನು ಸವರಿದ ಹತ್ತಿ ಇಟ್ಟುಕೊಂಡು ಕುಳಿತೆ. ಅವರು ನೆತ್ತಿ ತಟ್ಟಿದರು. ಹಿತವಾಗಿತ್ತು, ಕಣ್ಣು ಮುಚ್ಚಿದೆ. ಅಲ್ಲಿಯವರೆಗೆ ಜೀವನದಲ್ಲಿ ನಾನು ಕಾವಲು ಬಿಟ್ಟದ್ದು ಎರಡೇ ಸಲ, ಎರಡೂ ಆ ಒಂದೇ ವಾರದಲ್ಲಿ. ಅತ್ತೆ ಹತ್ತಿ ಕಿತ್ತದ್ದು ತಿಳಿಯಿತು, ಅಷ್ಟರಲ್ಲಿ ತಲೆ ವಾಲಿಸಿದ್ದರು, ಬೆಚ್ಚಗಿನದೊಂದು ಒಳಗಿಳಿಯಿತು.

ತಲೆ ಗಿರ್ರೆಂದಿತು. ಮಣೆ ಹಿಡಿದುಕೊಂಡೆ. ಮರುಕ್ಷಣ ಗಂಟಲ ಹಿಂದೆ ಬೆಳ್ಳುಳ್ಳಿ ಒಗ್ಗರಣೆಯ ರುಚಿ ಬಂತು. ತೂತಾದ ಕಿವಿಯಿಂದ ಮೂಗಿನ ಹಿಂಭಾಗಕ್ಕೆ ಒಂದು ದಾರಿ ಇರುತ್ತದೆ, ಕಿವಿಗೆ ಹಾಕಿದ್ದು ಗಂಟಲಿಗೆ ಇಳಿಯುತ್ತದೆ ಎಂದು ಡಾಕ್ಟರು ಆಮೇಲೆ ಬೈಯುತ್ತ ವಿವರಿಸಿದರು. ನಾನು ಕೆಮ್ಮಿ, “ಬೆಳ್ಳುಳ್ಳಿ ಬಾಯಿಗೆ ಬಂತು” ಅಂದೆ.

ಅತ್ತೆ ಮಗಳ ಕಡೆ ತಿರುಗಿ, “ನೋಡ್ದೇನೇ, ಎಷ್ಟ್ ಬೇಗ ಹಿಡೀತು ಔಷ್ದಿ. ಇನ್ನೊಂದ್ ತೊಟ್ಟು ಬಿಡ್ಲಾ?” ಅಂದರು.

೫. ತಪ್ಪೊಪ್ಪಿಗೆ

ಡಾಕ್ಟರು ಕಿವಿ ಒರೆಸಿ ಮಾತ್ರೆ ಕೊಟ್ಟರು, ಪುಣ್ಯಕ್ಕೆ ಕೀವಾಗಲಿಲ್ಲ. ಆದರೆ ಶನಿವಾರ ಹತ್ತಿರವಾಗುತ್ತಿತ್ತು. ಆ ಹುಡುಗಿಯ ಟಿ.ಸಿ. ನಮೂನೆ ನನ್ನ ಮೇಜಿಗೆ ಬಂದು ಬಿದ್ದಿತ್ತು, ನನ್ನ ಸಹಿಯೊಂದು ಬಾಕಿ. ನಾನು ಅನ್ನ ಕಲಸಿ ಹಾಗೇ ಬಿಟ್ಟೇಳುವುದನ್ನು ನೋಡಿ ಹೆಂಡತಿ, “ಹೇಳ್ಬಿಡಿ ರೀ, ಮುಗೀಲಿ” ಅಂದಳು. “ನನಗೆ ಗೊತ್ತಿದೆ” ಅಂದೆ. ಗೊತ್ತಿದ್ದದ್ದು ನಿಜ. ಬಾಯಿ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಮನೆ ಮುಂದೆ ಒಂದು ಬೈಕು ನಿಂತಿತು. ಬೋರ್‌ವೆಲ್ ಲಾರಿಯವರು, ಹಿಂದೆ ಮಗಳು. ಅಕ್ಕಪಕ್ಕದ ಮನೆಗಳ ಕಾಂಪೌಂಡಿನ ಮೇಲೆ ತಲೆಗಳು ಮೂಡಿದವು. ನಾನು ಮೆಟ್ಟಿಲ ಮೇಲೆ ನಿಂತೆ, ಬಲಗಿವಿ ಮುಂದೆ ಮಾಡಿಕೊಂಡು.

ಅವರು ಕೈ ಮುಗಿದರು. ದನಿ ಮಾತ್ರ ರೈಲ್ವೆ ಗೇಟಿನವರೆಗೂ ಹೋಗುವಂಥದ್ದು.

“ಸಾರ್, ತಪ್ಪಾಯ್ತು. ನಂಗೆ ನೆನಪಿಲ್ಲ. ಆದ್ರೂ ಎಲ್ರೂ ಹೇಳ್ತವ್ರೆ ನಾನು ಹೊಡ್ದೆ ಅಂತ. ಇಷ್ಟು ಜನ ಸುಳ್ ಹೇಳ್ತಾರಾ?”

“ನೀವು ಹೊಡೆದಿಲ್ಲ” ಅಂದೆ, ಮೆಲ್ಲಗೆ.

ಅವರಿಗೆ ಕೇಳಲಿಲ್ಲ. ಮೂವತ್ತು ವರ್ಷ ಕೊರೆಯುವ ಯಂತ್ರದ ಪಕ್ಕ ನಿಂತು ಅವರ ಎರಡೂ ಕಿವಿ ಮಂದ. ಅದಕ್ಕೇ ಆ ದನಿ. ಯಂತ್ರ ಓಡುವಾಗ ಬಾಯಿಮಾತು ನಡೆಯುವುದಿಲ್ಲ, ಆ ಕೆಲಸದವರದು ಎಲ್ಲ ಕೈಸನ್ನೆಯಲ್ಲೇ. ಬೆರಳು ಸುತ್ತಿಸಿದರೆ ಓಡಿಸು, ಅಂಗೈ ಮೇಲೆತ್ತಿದರೆ ಪೈಪು ಎತ್ತು, ಎದುರಿನವರ ಕೆನ್ನೆಯ ಪಕ್ಕ ಅಂಗೈ ಬೀಸಿದರೆ ನಿಲ್ಲಿಸು. ಮನೆಯಲ್ಲೂ ಅದೇ ಅಭ್ಯಾಸ. ಮಗಳು ಅದನ್ನು ಬಿಡಿಸಿ ಹೇಳಿದಳು: “ಅಜ್ಜಂಪುರದ ಬಸ್ಸು ನಮ್ಮ ಸ್ಟಾಪಲ್ಲಿ ನಿಲ್ಸಲ್ಲ ಅಂತ ಹೇಳ್ತಿದ್ರು ಸರ್ ಅವತ್ತು. ಜಗಳ ಅಲ್ಲ. ಅಪ್ಪ ಹೊಡೆದಿಲ್ಲ. ನಾನು ಅಲ್ಲೇ ಇದ್ದೆ.”

ಆಮೇಲೆ ತಲೆಯೆತ್ತಿ, “ನೀವೂ ಅಲ್ಲೇ ಇದ್ರಿ ಸರ್” ಅಂದಳು.

ಅದನ್ನು ಅವಳು ಮೆಲ್ಲಗೇ ಹೇಳಿದ್ದು. ಎರಡೂ ಕಿವಿಯಲ್ಲಿ ಕೇಳಿಸಿತು.

ತಂದೆ ತಮ್ಮ ಅಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. “ನೂರಾರು ತೂತು ಕೊರ್ದಿದೀನಿ ಸಾರ್. ಬರೀ ಕೈಯಲ್ಲಿ ಕೊರ್ದಿದ್ದು ಇದೇ ಮೊದ್ಲು” ಎಂದರು. ಆಮೇಲೆ ಒಂದು ಹೆಜ್ಜೆ ಹತ್ತಿರ ಬಂದು, ಗುಟ್ಟೆಂದು ತಿಳಿದು, ಬೀದಿಗೆಲ್ಲ ಕೇಳುವಂತೆ ಹೇಳಿದರು: “ಅಜ್ಜಂಪುರದಲ್ಲಿ ಹೋಟ್ಲೋನು ನಾನು ಕೂತ್ ತಕ್ಷಣ ಕೇಳ್ದೇನೇ ಎರಡು ಒಡೆ ತಂದಿಡ್ತಾನೆ ಸಾರ್, ಈಗ ಒಂದು ವಾರದಿಂದ. ಯಾಕಪ್ಪಾ ಅಂದ್ರೆ, ನಿಮ್ಮ ಹಳೇ ಶಿಷ್ಯನಂತೆ.”

೬. ಸಭೆ

ಶನಿವಾರ ಹನ್ನೊಂದಕ್ಕೆ ಸಭೆ. ಮಂಡಳಿಯವರು ಏಳು ಜನ ಒಂದು ಕಡೆ, ನಾನು ಎದುರು, ಬಾಗಿಲ ಹತ್ತಿರ ತಂದೆ ಮಗಳು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ನನ್ನ ಸೈರಣೆಯ ಮೇಲೆ ಐದು ನಿಮಿಷ ಮಾತಾಡಿದರು. ಪೆಟ್ಟು ತಿಂದರೂ ಪೊಲೀಸರ ಹತ್ತಿರ ಹೋಗದ, ಹೊಡೆದವರ ಹೆಸರೆತ್ತದ ಗುರುಗಳು ಎಂದರು. ಇಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು. ಟಿ.ಸಿ. ನಮೂನೆ ನನ್ನ ಮುಂದೆ ಸರಿಸಿ ಪೆನ್ನು ಕೊಟ್ಟರು.

ನಾನು ಪೆನ್ನು ಕೆಳಗಿಟ್ಟು, ಜೇಬಿನಿಂದ ಪಿನ್ನು ತೆಗೆದು ನಮೂನೆಯ ಮೇಲಿಟ್ಟೆ. ತುದಿ ಸೊಟ್ಟಗಿತ್ತು.

“ಇದು ಏನು ಮೇಷ್ಟ್ರೇ?”

“ನನಗೆ ಹೊಡೆದವರು.”

ಎಲ್ಲವನ್ನೂ ಹೇಳಿದೆ. ಕಡಿತ, ಕುರ್ಚಿ, ಬಾಗಿಲು, ಮೊಣಕೈ, ಡಾಕ್ಟರ ಮುಂದೆ ಹೇಳಿದ ಮೂರು ಸತ್ಯ. ಮೂರು ಸತ್ಯ ಪೋಣಿಸಿ ಒಂದು ದೊಡ್ಡ ಸುಳ್ಳು ಕಟ್ಟಬಹುದೆಂದು ಈ ವಯಸ್ಸಿನಲ್ಲಿ ಕಲಿತೆ, ಅದಕ್ಕೆ ಆ ಹುಡುಗಿಯ ಒಂದು ವರ್ಷ ಬೆಲೆಯಾಗಬಾರದು ಎಂದೆ. ನನ್ನ ದನಿ ನನಗೇ ಅಸಹ್ಯವಾಗುವಷ್ಟು ಜೋರಾಗಿ ತಲೆಯಲ್ಲಿ ಮೊಳಗಿತು, ಆದರೂ ಕೊನೆಯವರೆಗೂ ಹೇಳಿದೆ.

ಫ್ಯಾನಿನ ಸದ್ದು ಬಲಗಡೆಯಿಂದ ಮಾತ್ರ ಬರುತ್ತಿತ್ತು. ಅಧ್ಯಕ್ಷರು ಪಿನ್ನನ್ನು ಬಹಳ ಹೊತ್ತು ನೋಡಿದರು.

“ನಮ್ ಮೊಮ್ಮಗ್ಳು ಪೆನ್ಸಿಲ್ ಹಾಕಿದ್ದಕ್ಕೆ ನೂರ್ ಸಲ ಬರ್ದಿತ್ತು” ಅಂದರು ಕೊನೆಗೆ. “ಅಳ್ತಾ ಬರೀತು.”

“ಬರೆದಿದ್ದಳು. ಅಕ್ಷರ ಚೆನ್ನಾಗಿತ್ತು.”

ಅವರು ಟಿ.ಸಿ. ನಮೂನೆ ಎಳೆದುಕೊಂಡು ನಾಲ್ಕು ಮಡಿಕೆ ಮಾಡಿ ಹರಿದರು. ಅಜ್ಜಂಪುರದ ಬಸ್ಸು ಬರುವವರೆಗೆ ಗೇಟು ಹಾಕಬಾರದು ಎಂದೂ ಸಭೆಯ ನಡಾವಳಿಯಲ್ಲಿ ನಾನೇ ಬರೆಸಿದೆ. ಹುಡುಗಿ ತಂದೆಯ ಕಡೆ ತಿರುಗಿ ಕೈಸನ್ನೆಯಲ್ಲಿ ಎಲ್ಲ ಹೇಳತೊಡಗಿದಳು. ಪಿನ್ನು, ಕಿವಿ, ಬಾಗಿಲು, ಕೊನೆಗೆ ಎರಡೂ ಅಂಗೈ ಬಿಚ್ಚಿ ‘ನೀನಲ್ಲ’.

ಅವರ ಮುಖದಲ್ಲಿ ಮೊದಲು ನೆಮ್ಮದಿ ಬಂತು. ಆಮೇಲೆ ನಿಧಾನಕ್ಕೆ ಇನ್ನೊಂದು ಬಂತು.

“ಹಂಗಾದ್ರೆ ನಾನ್ ಹೊಡ್ದೇ ಇಲ್ವಾ ಸಾರ್?” ಎಂದರು. “ಹೋಯ್ತು ಬಿಡಿ. ಇನ್ನು ಒಡೆ ಕೇಳಿ ತಗೋಬೇಕು.”

೭. ಪೋಷಕರ ಅಭಿಪ್ರಾಯ

ಸೋಮವಾರ ಬೆಳಿಗ್ಗೆ ನನ್ನ ಮೇಜಿನ ಮೇಲೆ ಒಂದು ಹೊಸ ನೋಟ್‌ಬುಕ್ಕು ಇತ್ತು. ಪಕ್ಕದಲ್ಲಿ ತರಗತಿಯ ಲೀಡರ್, ಅದೇ ಹುಡುಗಿ, ನೆಟ್ಟಗೆ ನಿಂತಿದ್ದಳು.

“ಏನಮ್ಮ ಇದು?”

“ಮಾರ್ಜಿನ್ ಹಾಕಿದೀನಿ ಸರ್. ನಿಯಮ ಏಳು.”

ನಾನು ಅವಳನ್ನು ನೋಡಿದೆ. ಕಿಟಕಿಯಾಚೆ ಹತ್ತನೇ ತರಗತಿ ಪೂರ್ತಿ ಉಸಿರು ಬಿಗಿಹಿಡಿದು ನಿಂತಿತ್ತು. ಹಾಗೆ ನೋಡಿದರೆ ಬಾಗಿಲಿನದೂ ಅರ್ಧ ತಪ್ಪಿತ್ತು. ಆದರೆ ವಿನಾಯಿತಿ ಇಲ್ಲ ಎಂದು ಬರೆದವನು ನಾನು. “ಯಾವತ್ತಿಗೆ ಕೊಡಬೇಕು?” ಎಂದು ಕೇಳಿದೆ.

“ನಾಳೆ ಬೆಳಿಗ್ಗೆ ಪ್ರಾರ್ಥನೆ ಹೊತ್ತಿಗೆ ಸರ್. ಪೋಷಕರ ಸಹಿ ಮರೀಬೇಡಿ.”

ಸಂಜೆ ಅದೇ ಕುರ್ಚಿಯಲ್ಲಿ ಕುಳಿತು ಬರೆದೆ. ಈ ಸಲ ಕುರ್ಚಿಯನ್ನು ಬಾಗಿಲಿನಿಂದ ದೂರ ಎಳೆದುಕೊಂಡಿದ್ದೆ. ಅರವತ್ತನೆಯ ಸಾಲಿಗೆ ಬೆರಳು ನೋಯಿತು. ಈ ನಿಯಮ ಮಾಡಿದವನು ಎಂಥ ಮನುಷ್ಯನಿರಬಹುದು ಎಂದು ಮೊದಲ ಸಲ ಯೋಚಿಸಿದೆ.

ನನಗೆ ತಂದೆ ತಾಯಿ ಇಬ್ಬರೂ ಇಲ್ಲ. ಪೋಷಕರ ಜಾಗಕ್ಕೆ ಮನೆಯಲ್ಲಿ ಒಬ್ಬಳೇ ಅರ್ಹಳು. ನೋಟ್‌ಬುಕ್ಕನ್ನು ಅವಳ ಮುಂದಿಟ್ಟೆ. ಅವಳು ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಸಾಲುಸಾಲಾಗಿ ಎಣಿಸಿದಳು.

“ತೊಂಬತ್ತೊಂಬತ್ತೇ ಇದೆ.”

“ಇರಲಾರದು.”

“ನೀವೇ ಎಣಿಸಿ.”

ಎಣಿಸಿದೆ. ತೊಂಬತ್ತೊಂಬತ್ತೇ. ಎದುರಿಗೇ ಇನ್ನೊಂದು ಬರೆದುಕೊಟ್ಟೆ. ಅವಳು ಪೆನ್ನು ತೆಗೆದುಕೊಂಡು, ಪೋಷಕರ ಅಭಿಪ್ರಾಯ ಎಂಬ ಕಡೆ ಸ್ವಲ್ಪ ಹೊತ್ತು ಯೋಚಿಸಿ, ನಗದೆ ಬರೆದು, ಸಹಿ ಹಾಕಿ, ಮುಚ್ಚಿ ಕೊಟ್ಟಳು. ನಾನು ಓದದೆಯೇ ಚೀಲಕ್ಕೆ ಹಾಕಿದೆ. ಅದು ಮೂರನೆಯ ಸಲ ಕಾವಲು ಬಿಟ್ಟದ್ದು.

ನಮ್ಮಲ್ಲಿ ಬರೆದು ತಂದವರ ಪೋಷಕರ ಅಭಿಪ್ರಾಯವನ್ನು ಪ್ರಾರ್ಥನೆಯಲ್ಲಿ ಗಟ್ಟಿಯಾಗಿ ಓದುವುದು ಪದ್ಧತಿ, ಅದೂ ನಾನೇ ಮಾಡಿದ್ದು. ಮಾರನೆಯ ಬೆಳಿಗ್ಗೆ ನಾನೂರು ಮಕ್ಕಳ ಮುಂದೆ ಲೀಡರ್ ನೋಟ್‌ಬುಕ್ಕಿನ ಕೊನೆಯ ಪುಟ ತೆರೆದು, ಅಪ್ಪನಿಂದ ಬಂದ ದನಿಯಲ್ಲಿ, ಒಂದಕ್ಷರ ಬಿಡದೆ ಓದಿದಳು:

“ಮದುವೆಯಾದಾಗಿನಿಂದ ನಾನು ಹೇಳಿದ್ದನ್ನು ಇವರು ಎರಡು ಕಿವಿಯಿದ್ದೂ ಕೇಳುತ್ತಿರಲಿಲ್ಲ. ಈಗ ಒಂದರಲ್ಲೇ ಕೇಳುತ್ತಿದ್ದಾರೆ. ಪ್ರಗತಿ ಇದೆ.”